ಯರ್ರಪ್ಪನ ನಾಮಿನಿ

"ಹೆಂಡ್ತಿ ಹೆಸರು ಹೇಳಪ್ಪ," ಎಂದಳು ಶಿವಲೀಲಾ, ಪೆನ್ನಿನ ತುದಿಯನ್ನು ಕಾಗದದ ಮೇಲೆ ಊರಿಕೊಂಡೇ.

"ಹೆಂಡ್ತಿ ಇಲ್ರಿ."

"ತೀರ್ಕೊಂಡಾಳೇನು?"

"ಲಗ್ನನ ಆಗಿಲ್ರಿ."

ಸಾಲಿನಲ್ಲಿ ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯರ್ರಪ್ಪ ತಿರುಗಿ ನೋಡಲಿಲ್ಲ. ರಾಯದುರ್ಗದ ಆ ಜೀನ್ಸ್ ಕಾರ್ಖಾನೆಗೆ ಹೊರದೇಶದ ಕಂಪನಿಯೊಂದರ ಆರ್ಡರು ಸಿಕ್ಕಿತ್ತು. ಅವರು ಬಂದು ನೋಡುವುದರೊಳಗೆ ನೂರಿಪ್ಪತ್ತು ಜನರಿಗೂ ಪಿ.ಎಫ್. ಮಾಡಿಸಬೇಕೆಂದು ಮಾಲೀಕರು ಹೇಳಿದ್ದರಿಂದ, ಆಫೀಸಿನ ಹುಡುಗಿ ಶಿವಲೀಲಾ ಊಟದ ಹೊತ್ತಿನಲ್ಲಿ ಮೇಜನ್ನು ಹೊಲಿಗೆಯ ಹಾಲ್‌ಗೇ ಎಳೆಸಿಕೊಂಡು ಒಬ್ಬೊಬ್ಬರನ್ನೇ ಕರೆದು ಫಾರಂ ತುಂಬುತ್ತಿದ್ದಳು. ಅವನಿಗಿಂತ ಮುಂದೆ ಇದ್ದವರದೆಲ್ಲ ಎರಡೆರಡು ನಿಮಿಷದಲ್ಲಿ ಮುಗಿದಿತ್ತು. ಗಂಡ, ಹೆಂಡತಿ, ಮಗಳು. ಹೇಳಿ, ಹೆಬ್ಬೆಟ್ಟೊತ್ತಿಯೋ ಸಹಿ ಹಾಕಿಯೋ, ಬುತ್ತಿ ಬಿಚ್ಚಲು ಹೋಗಿದ್ದರು.

"ಅವ್ವ, ಅಪ್ಪ?"

"ಇಲ್ಲಂತ ಕಾಣ್ತತ್ರಿ."

"ಕಾಣ್ತತಿ ಅಂದ್ರ ಏನು? ಹೋಗ್ಲಿ, ಅಣ್ಣ ತಮ್ಮ, ಅಕ್ಕ ತಂಗಿ?"

"ಇಲ್ರಿ."

ಶಿವಲೀಲಾ ಪೆನ್ನು ಎತ್ತಿದಳು. ಇಪ್ಪತ್ಮೂರು ವರ್ಷದ ಹುಡುಗಿ, ಒರಟಲ್ಲ. "ಹಂಗಾದ್ರ ನಾಳೆ ನಿನಗ ಏನರ ಆದ್ರ ಈ ರೊಕ್ಕ ಯಾರಿಗೆ ಕೊಡಬೇಕು? ಒಂದು ಹೆಸರು ಬೇಕಲ್ಲ. ಇಲ್ಲಿ ನಾಮಿನಿ ಅಂತ ಐತಿ ನೋಡು. ಅದರ ಮುಂದ ತೆಲುಗಿನಾಗ ಬಂಧುತ್ವಂ ಅಂತ ಐತಿ. ಅಂದ್ರ ಅವರು ನಿನಗ ಏನಾಗಬೇಕು ಅಂತ."

ಯರ್ರಪ್ಪ ಆ ಕಾಗದದ ಖಾಲಿ ಗೆರೆಯನ್ನು ನೋಡಿದ. ಓದಲು ಬರುತ್ತಿರಲಿಲ್ಲ. ಆದರೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ಗುರುಬಸಮ್ಮಾರು ಅಂತ ಬರೀರಿ. ನಮ್ಮ ದೊಡ್ಡಬಸಪ್ಪ ಗೌಡ್ರ ಮನಿಯವರು," ಎಂದ.

"ಸಂಬಂಧ?"

"ನಾ ಆ ಮನಿ ಮಗ ಇದ್ದಂಗ್ರಿ."

"ಇದ್ದಂಗ ಅಂತ ಬರೆಯಾಕ ಬರಂಗಿಲ್ಲಪ್ಪ," ಎಂದಳು ಶಿವಲೀಲಾ. ಅವನ ಮುಖ ನೋಡಿ ದನಿ ತಗ್ಗಿಸಿದಳು. "ಅವರ ರೇಷನ್ ಕಾರ್ಡಿನ ಜೆರಾಕ್ಸ್ ತಂದುಕೊಡು, ಒಂದು ಫೋಟೋ. ಅವರು ಹೂಂ ಅಂದ್ರ ಬರ್ಕೊಂತೀನಿ. ಸೋಮವಾರದೊಳಗ ತಾ."

ಅವನು ತನ್ನ ಜಾಗಕ್ಕೆ ಹಿಂತಿರುಗಿದ. ಹೊಲಿಗೆ ಮುಗಿದ ಪ್ಯಾಂಟುಗಳು ಒಳಮೈ ಹೊರಗಾಗಿ ಬಂದು ಅವನ ಮುಂದೆ ರಾಶಿ ಬೀಳುತ್ತಿದ್ದವು. ಕಾಲಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ತುದಿ ಹಿಡಿದು ಒಂದೇ ಸಲ ಎಳೆದು ಸರಿಮಾಡುವುದು ಅವನ ಕೆಲಸ. ಎರಡು ವರ್ಷದ ಹಿಂದೆ ಸೇರಿದ ದಿನ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಸು ಈಯುವಾಗ ಕರು ಅಡ್ಡ ತಿರುಗಿದರೆ ಹೀಗೇ ಕೈ ಹಾಕಿ, ಗೊರಸು ಸಿಕ್ಕಿದ ಮೇಲೆ ಹೀಗೇ ಎಳೆಯುತ್ತಿದ್ದ. ದಿನಕ್ಕೆ ಆರುನೂರು ಪ್ಯಾಂಟು. ಸಂಜೆಗೆ ಕೈಯೆಲ್ಲ ನೀಲಿ. ಸೋಪು ಹಾಕಿ ತಿಕ್ಕಿದರೂ ಉಗುರಿನ ಬುಡದಲ್ಲಿ ಉಳಿದೇ ಇರುತ್ತಿತ್ತು.

ಪಕ್ಕದಲ್ಲಿ ಕೂತು ದಾರ ಕತ್ತರಿಸುತ್ತಿದ್ದ ದುರುಗಕ್ಕ ಕತ್ತರಿ ನಿಲ್ಲಿಸದೆಯೇ ಹೇಳಿದಳು: "ಅದಕ್ಯಾಕ ಅಷ್ಟು ಚಿಂತಿ ಮಾಡ್ತಿ ಯರ್ರಣ್ಣ? ನನ್ನ ಹೆಸರು ಬರಸು. ನೀ ಸತ್ತ ಮ್ಯಾಲೆ ನಿನ್ನ ಹೆಸರಾಗ ಹೋಳಿಗಿ ಮಾಡಿ ಹಂಚ್ತೀನಿ."

ಸುತ್ತ ಇದ್ದ ಹೆಂಗಸರು ನಕ್ಕರು. ಅವನೂ ನಕ್ಕ.

ಬೊಮ್ಮನಹಾಳ್ ಕಡೆಯ ಹಳ್ಳಿಯಲ್ಲಿ ದೊಡ್ಡಬಸಪ್ಪ ಗೌಡರ ಮನೆಗೆ ಯರ್ರಪ್ಪ ಬಂದಾಗ ಅವನಿಗೆ ಏಳು ವರ್ಷ. ಅವ್ವ ಅಪ್ಪ ಇಬ್ಬರೂ ಕಾಲುವೆ ಅಗೆಯುವ ಕೂಲಿಗಳು. ಕಾಲುವೆ ಮುಂದಕ್ಕೆ ಹೋದಂತೆ ಗುಡಿಸಲೂ ಮುಂದಕ್ಕೆ ಹೋಗುತ್ತಿತ್ತು. ಆ ವರ್ಷ ಗೌಡರಿಂದ ಎರಡು ಚೀಲ ಜೋಳ ಸಾಲ ಪಡೆದು, ದನ ಕಾಯಲು ಹುಡುಗನನ್ನು ಬಿಟ್ಟು, ಸುಗ್ಗಿಗೆ ಬಂದು ಕರೆದೊಯ್ಯುತ್ತೇವೆ ಎಂದು ಹೇಳಿ ಹೋದರು. ಸುಗ್ಗಿ ಬಂತು, ಹೋಯಿತು. ಹುಡುಗ ಕೆಲವು ದಿನ ಕಾಲುವೆಯ ದಂಡೆ ಹತ್ತಿ ನೋಡುತ್ತಿದ್ದ. ಆಮೇಲೆ ದನಗಳಿಗೆ ಅವನು, ಅವನಿಗೆ ದನಗಳು ಎಂಬಂತಾಯಿತು. ಕೊಟ್ಟಿಗೆಯ ಗೂಡಿನಲ್ಲಿ ಅವನದೊಂದು ಅಲ್ಯೂಮಿನಿಯಂ ತಟ್ಟೆ, ಒಂದು ಲೋಟ. ವರ್ಷಕ್ಕೆ ಎರಡು ಪಂಚೆ, ಮೂರು ವರ್ಷಕ್ಕೊಂದು ಕಂಬಳಿ.

ಜೀತ ರದ್ದಾಯಿತೆಂದು ಸರ್ಕಾರ ಹೇಳಿದ ವರ್ಷ ಊರಿಗೊಂದು ಜೀಪು ಬಂದಿತ್ತು. ಅದರ ಹಿಂದಿನ ದಿನ ದೊಡ್ಡಬಸಪ್ಪ ಅವನನ್ನು ಪಡಸಾಲೆಯ ಮೆಟ್ಟಿಲವರೆಗೆ ಕರೆಸಿ, "ಕೇಳಿದ್ರ ಏನಂತಿ?" ಎಂದರು. ತಾವೇ ಉತ್ತರವನ್ನೂ ಹೇಳಿಕೊಟ್ಟರು. ಮರುದಿನ ಅಧಿಕಾರಿಯ ಮುಂದೆ ಯರ್ರಪ್ಪ ಒಂದಕ್ಷರ ತಪ್ಪದೆ ಒಪ್ಪಿಸಿದ: "ನಾನು ಆಳಲ್ರಿ. ಈ ಮನಿ ಮಗ ಇದ್ದಂಗ." ಜೀಪು ಹೋಯಿತು. ಅವತ್ತು ಅವನಿಗೆ ಮನೆಯೊಳಗಿನಿಂದ ತುಪ್ಪ ಹಾಕಿದ ಅನ್ನ ಬಂತು. ಹೇಳಿಕೊಟ್ಟ ಮಾತೇ ಆದರೂ, ಆ ಮಾತು ಅವನೊಳಗೆ ಉಳಿದುಬಿಟ್ಟಿತು. ಹೊಲದಲ್ಲಿ ಒಬ್ಬನೇ ಇದ್ದಾಗ ಕೆಲವು ಸಲ ಎತ್ತುಗಳಿಗೆ ಕೇಳುವಂತೆ ಹೇಳಿಕೊಳ್ಳುತ್ತಿದ್ದ.

ದೊಡ್ಡಬಸಪ್ಪ ತೀರಿಕೊಂಡ ಮೇಲೆ ಎಲ್ಲ ಬೇಗಬೇಗ ಆಯಿತು. ಟ್ರ್ಯಾಕ್ಟರು ಬಂದು ಎತ್ತು ಹೋದವು, ಹಸುಗಳೂ ಮಾರಾಟವಾದವು. ಹೊಲ ಗುತ್ತಿಗೆಗೆ ಹೋಯಿತು. ಮಗ ರವಿಶಂಕರ ಬಳ್ಳಾರಿಯಲ್ಲಿ ಗೊಬ್ಬರದ ಅಂಗಡಿ ಹಾಕಿ, ತಾಯಿ ಗುರುಬಸಮ್ಮನನ್ನು ಕರೆದೊಯ್ಯಲು ಲಾರಿ ತಂದ. ಯರ್ರಪ್ಪನೇ ಕಪಾಟು, ಮಂಚ, ಕಣಜದ ಹಲಗೆ ಎಲ್ಲವನ್ನೂ ಏರಿಸಿದ. ಏರಿಸಿ, ತನ್ನ ಕಂಬಳಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಲಾರಿಯ ಹಿಂಬದಿಯಲ್ಲಿ ನಿಂತ. ರವಿಶಂಕರ ಅವನ ಕೈಗೆ ಒಂದಿಷ್ಟು ನೋಟು ತುರುಕಿ, ಪ್ರೀತಿಯಿಂದಲೇ, "ಇನ್ಮ್ಯಾಗ ನೀ ಯಾರ ಆಳೂ ಅಲ್ಲ ಯರ್ರಪ್ಪ. ಎಲ್ಲೆರ ಚೆಂದಾಗಿರು," ಎಂದ. ಲಾರಿ ಹೊರಟಿತು. ಅವನಿಗೆ ನಲವತ್ತೆಂಟು ವರ್ಷ. ಯಾರ ಆಳೂ ಅಲ್ಲದವನು ಮುಂದೆ ಯಾವ ಕಡೆ ನಡೆಯಬೇಕೆಂಬುದು ಅವನಿಗೆ ತಿಳಿಯಲಿಲ್ಲ. ಅವತ್ತು ಸಂಜೆ ಖಾಲಿ ಕೊಟ್ಟಿಗೆಯನ್ನು ಒಂದು ಸಲ ಗುಡಿಸಿ ಹೊರಬಿದ್ದ.

ಕಾರ್ಖಾನೆಯಲ್ಲಿ ಅವನನ್ನು ಯಾರೂ ಬೈಯುತ್ತಿರಲಿಲ್ಲ. ಸೈರನ್ ಆದರೆ ಕೆಲಸ, ಸೈರನ್ ಆದರೆ ಬಿಡುಗಡೆ. ಕಷ್ಟವೆಂದರೆ ಭಾನುವಾರ. ಮೊದಲನೆಯ ಭಾನುವಾರ ಅವನು ಎಂದಿನಂತೆ ಹೋಗಿ ಬೀಗ ಹಾಕಿದ ಗೇಟಿನ ಮುಂದೆ ಮಧ್ಯಾಹ್ನದವರೆಗೆ ಕೂತಿದ್ದ. ವಾಚ್‌ಮನ್ ಎಬ್ಬಿಸಿ, "ಇವತ್ತು ರಜಾ, ಮನಿಗೆ ಹೋಗಯ್ಯ," ಎಂದಿದ್ದ. ಅಲ್ಲಿಂದೀಚೆಗೆ ಭಾನುವಾರಗಳಲ್ಲಿ ಬಾಡಿಗೆ ಕೋಣೆಯ ಹೊಸ್ತಿಲಲ್ಲಿ ಕೂತು ಕೋಟೆಯ ಗುಡ್ಡ ನೋಡುತ್ತಿದ್ದ. ಇಲ್ಲವೆ ಸಂತೆಗೆ ಹೋಗಿ, ಕೊಳ್ಳುವವನಲ್ಲದಿದ್ದರೂ, ಎತ್ತುಗಳ ಹಲ್ಲು ನೋಡಿ ಬರುತ್ತಿದ್ದ.

ಆ ಭಾನುವಾರ ಮಾತ್ರ ಹೋಗಲು ಒಂದು ಜಾಗವಿತ್ತು. ಬೆಳಗಿನ ಬಸ್ಸಿಗೇ ಬಳ್ಳಾರಿಗೆ ಹೊರಟ.

ಗೊಬ್ಬರದ ಅಂಗಡಿಯ ಹೆಸರು ಹೇಳಿ ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಎರಡನೇ ಮಹಡಿ. ಚಪ್ಪಲಿಯನ್ನು ಕೆಳಗೆ ರಸ್ತೆಯಲ್ಲೇ ಬಿಟ್ಟು ಹತ್ತಿದ. ಬಾಗಿಲು ತೆರೆದ ಸೊಸೆ ಅವನನ್ನು ಗುರುತಿಸಿ ಪ್ಲಾಸ್ಟಿಕ್ ಕುರ್ಚಿ ತೋರಿಸಿದಳು. ಅವನು ಕುರ್ಚಿಯ ಪಕ್ಕದಲ್ಲಿ, ಬಾಗಿಲಿಗೆ ಹತ್ತಿರವಾಗಿ ನೆಲದ ಮೇಲೆ ಕೂತ.

"ಯರ್ರ! ಎಷ್ಟು ಸೊರಗಿಯೋ," ಎನ್ನುತ್ತ ಗುರುಬಸಮ್ಮ ಬಂದಳು. ಅವಳ ತಲೆ ಪೂರಾ ಬೆಳ್ಳಗಾಗಿತ್ತು. "ಅಲ್ಲಿ ಮಳಿ ಹೆಂಗ? ಆ ಕರೇ ಹಸು ಯಾರ ಮನ್ಯಾಗ ಐತಿ, ಗೊತ್ತೇನು?" ಎಂದು ಕೇಳಿದಳು. ಸಂತೆಗೆ ಬರುವ ಊರವರಿಂದ ಕೇಳಿ ಅವನಿಗೆ ಗೊತ್ತಿತ್ತು. ಯಾವ ಹಸು ಎಲ್ಲಿ, ಯಾವುದು ಗಬ್ಬ, ಯಾವುದು ಸತ್ತಿತು, ಎಲ್ಲ ಹೇಳಿದ. ಹೇಳುವಾಗ ಇಬ್ಬರ ಮುಖವೂ ಅರಳಿತು. ಮನೆಯ ಸ್ಟೀಲಿನ ಲೋಟದಲ್ಲೇ ಚಹಾ ಬಂತು. ಅವನು ಲೋಟವನ್ನು ತುಟಿಗೆ ತಾಗಿಸದೆ ಮೇಲಿಂದ ಹೊಯ್ದುಕೊಂಡು ಕುಡಿದ. ಬಿಸಿ ಚಹಾ ನಾಲಿಗೆ ಸುಟ್ಟಿತು.

ರವಿಶಂಕರ ಸ್ನಾನ ಮುಗಿಸಿ ಬಂದ ಮೇಲೆ ಯರ್ರಪ್ಪ ತಾನು ಬಂದ ಕೆಲಸ ಹೇಳಿದ. ರವಿಶಂಕರ ಟವೆಲಿನಿಂದ ತಲೆ ಒರೆಸುವುದನ್ನು ನಿಲ್ಲಿಸಿದ.

"ಅವ್ವನ ಹೆಸರಾ? ಯಾಕ?"

"ಯಾರದರ ಒಂದು ಹೆಸರು ಬೇಕಂತ್ರಿ. ನನಗ ಮತ್ಯಾರು ಅದಾರ್ರಿ?"

"ಸಂಬಂಧ ಏನಂತ ಬರೆಸ್ತಿ?"

"ಅದನ್ನ ನೀವ ಹೇಳ್ಬೇಕ್ರಿ."

ರವಿಶಂಕರ ಕುರ್ಚಿ ಎಳೆದುಕೊಂಡು ಕೂತ. ಮಾತನ್ನು ತೂಗಿ ತೂಗಿ ಆಡಿದ. "ತಪ್ಪು ತಿಳ್ಕೋಬ್ಯಾಡ. ಇದು ಸರ್ಕಾರದ ಕಾಗದ. ನಾಳೆ ಯಾರೋ ಒಬ್ಬ ಬಂದು, ಇವರಿಗೂ ಇವನಿಗೂ ಏನು ಸಂಬಂಧ ಅಂತ ಕೆದಕಿದ್ರ, ನಲವತ್ತು ವರ್ಷ ಇವರ ಮನ್ಯಾಗ ಜೀತಕ್ಕಿದ್ದ ಅಂತ ಆಗ್ತತಿ. ನಾನು ಇಲ್ಲಿ ನಾಕು ಮಂದ್ಯಾಗ ವ್ಯಾಪಾರ ಮಾಡಾಂವ. ನಿನಗ ಬೇರೆ ಏನರ ಬೇಕಂದ್ರ ಕೇಳು, ಕೊಡ್ತೀನಿ. ಹೆಸರು ಮಾತ್ರ ಬ್ಯಾಡ."

ಯರ್ರಪ್ಪ ಗುರುಬಸಮ್ಮನ ಕಡೆ ನೋಡಿದ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. "ಹೌದ್ರಿ, ಅದೂ ಖರೇನ," ಎಂದು ಅವನು ಎದ್ದ. ಲೋಟವನ್ನು ತೊಳೆದಿಡಲು ನೀರೆಲ್ಲಿದೆ ಎಂದು ಕೇಳಿದ. ಸೊಸೆ, "ಇರ್ಲಿ ಬಿಡು," ಎಂದಳು.

ಅವನು ಕೆಳಗಿಳಿದು ಚಪ್ಪಲಿ ಮೆಟ್ಟುತ್ತಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಗುರುಬಸಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದಳು. ಕರಿಬೇವು ತರುತ್ತೇನೆಂದು ಹೇಳಿ ಬಂದಿದ್ದಳಂತೆ. ಕಾಂಪೌಂಡಿನ ಗೋಡೆಯ ಬಳಿ ನಿಂತು ಉಸಿರು ಹಿಡಿದುಕೊಂಡಳು.

"ಯರ್ರ, ನಿಮ್ಮವ್ವ ಬಂದಿದ್ಲು."

"ಯಾವಾಗ್ರಿ?" ಎಂದ ಅವನು, ಮೊನ್ನೆಯ ಮಾತೆಂಬಂತೆ.

"ಆವಾಗ. ನಿನಗ ಹತ್ತು ವರ್ಷ ಇರಬೇಕು. ನಾನು ಬಾಣಂತಿ. ಹಿತ್ತಲ ಬಾಗಿಲಿಗೆ ಬಂದು ನಿಂತಿದ್ಲು, ನಿನ್ನ ಕರ್ಕೊಂಡು ಹೋಗಾಕ ಅಂತ. ನಿಮ್ಮಪ್ಪ ಕೆಮ್ಮಿ ಕೆಮ್ಮಿ ಸತ್ತುಹೋದ ಅಂದ್ಲು. ನಮ್ಮ ಗೌಡ್ರು, ಹುಡುಗ ಬರಂಗಿಲ್ಲ ಅಂತಾನ, ನಿನ್ನ ಮಾರಿನೂ ನೋಡಂಗಿಲ್ಲ ಅಂತ ಅಡವಿಗೆ ಓಡಿಹೋಗ್ಯಾನ ಅಂದುಬಿಟ್ರು. ದನ ತಿರುಗಿ ಬರೋದ್ರೊಳಗ ಆಕಿನ್ನ ಕಳಿಸಿದ್ರು. ಮರುವರ್ಷನೂ ಬಂದ್ಲು. ಅವತ್ತು ನಿನ್ನನ್ನ ಬೀಜ ತರಾಕ ಅಂತ ಬ್ಯಾರೆ ಊರಿಗೆ ಅಟ್ಟಿದ್ರು. ಆಮ್ಯಾಲೆ ಬರ್ಲಿಲ್ಲ."

ರಸ್ತೆಯಲ್ಲಿ ಒಂದು ಆಟೋ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಯರ್ರಪ್ಪ ಅದನ್ನೇ ನೋಡಿದ.

"ಸಂಜಿಕ ನಾ ಬಂದ ಮ್ಯಾಲೆ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀ ಹೋಗಿಬಿಡ್ತಿದ್ದಿ," ಎಂದಳು ಗುರುಬಸಮ್ಮ. "ದನ ಯಾರು ನೋಡ್ತಿದ್ರು?" ಎಂದಳು.

ಅವಳ ದನಿಯಲ್ಲಿ ಕಪಟವಿರಲಿಲ್ಲ. ಅವತ್ತು ಆ ಮನೆಗೆ ಅದೇ ದೊಡ್ಡ ಪ್ರಶ್ನೆಯಾಗಿತ್ತು. ಯರ್ರಪ್ಪನಿಗೂ ಒಂದು ಕ್ಷಣ, ಹೌದಲ್ಲ, ಯಾರು ನೋಡುತ್ತಿದ್ದರು ಎನಿಸಿತು.

"ಆಕಿ ಸೊಂಟದ ಮ್ಯಾಲೆ ಒಂದು ಕೂಸಿತ್ತು," ಎಂದಳು ಗುರುಬಸಮ್ಮ. "ಹೆಣ್ಣು ಕೂಸು. ನಿನ್ನ ಬಿಟ್ಟುಹೋದ ಮ್ಯಾಲೆ ಹುಟ್ಟಿದ್ದು. ಈರಕ್ಕ, ಈರಕ್ಕ ಅಂತ ಕರೀತಿದ್ಲು. ನಾನ ಒಂದು ಚೂರು ಬೆಲ್ಲ ಕೊಟ್ಟೆ. ಮಡಕಶಿರದ ಕಡಿ, ಗುಡ್ಡದ ಬುಡದಾಗ ಯಾವುದೋ ಊರಾಗ ಕೆರಿ ಕೆಲಸ ನಡದೈತಿ, ಅಲ್ಲೇ ಗುಡಿಸ್ಲು ಹಾಕೀವಿ ಅಂದ್ಲು. ಊರ ಹೆಸರು ಹೇಳಿದ್ಲು. ನಾ ಮರೆತೆ." ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಕಣ್ಣಲ್ಲಿ ನೀರು ಬಂದಿರಲೂ ಇಲ್ಲ. "ಸಾಯೋದ್ರೊಳಗ ಹೇಳ್ಬೇಕು ಅನಿಸಿತ್ತು. ಹೇಳೀನಿ," ಎಂದು ಕಂಬಿ ಹಿಡಿದು ಮೇಲೆ ಹತ್ತತೊಡಗಿದಳು. ಕರಿಬೇವು ತರುವುದು ಅವಳಿಗೆ ಮರೆತಿತ್ತು.

ಸೋಮವಾರ ಊಟದ ಹೊತ್ತಿಗೆ ಅವನು ತಾನೇ ಹೋಗಿ ಮೇಜಿನ ಮುಂದೆ ನಿಂತ.

"ಜೆರಾಕ್ಸ್ ತಂದೇನು?"

"ಹೆಸರು ಬ್ಯಾರೆ ಐತ್ರಿ. ಈರಕ್ಕ ಅಂತ ಬರೀರಿ."

"ಏನಾಗಬೇಕು?"

"ತಂಗಿ." ಆ ಮಾತು ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಕೇಳಿ ಅವನಿಗೇ ಅಚ್ಚರಿಯಾಯಿತು.

ಶಿವಲೀಲಾ ತಲೆಯೆತ್ತಿದಳು. "ಮೊನ್ನಿ ಯಾರೂ ಇಲ್ಲ ಅಂದಿ?"

"ಮೊನ್ನಿ ಗೊತ್ತಿರ್ಲಿಲ್ರಿ."

ವಯಸ್ಸು ಕೇಳಿದಾಗ ಅವನು ಆ ಕಾಲದ ಎತ್ತುಗಳ ಲೆಕ್ಕ ಹಿಡಿದು, ಯಾವ ಜೋಡಿ ಇದ್ದಾಗ ತನಗೆಷ್ಟು ವರ್ಷ ಎಂದು ಕೂಡಿಸಿ ಕಳೆದು, ತನಗಿಂತ ಎಂಟೊಂಬತ್ತು ವರ್ಷ ಸಣ್ಣವಳು ಎಂದ. ಅವಳು ನಲವತ್ತೊಂದು ಎಂದು ಬರೆದುಕೊಂಡಳು. "ವಿಳಾಸ?"

"ಮಡಕಶಿರದ ಕಡಿ."

"ಮಡಕಶಿರದ ಕಡಿ ಅಂದ್ರ? ಊರು, ಮನಿ ನಂಬರು?"

ಅವನು ಕಾಗದದ ಖಾಲಿ ಗೆರೆಯನ್ನೇ ನೋಡಿದ. ಶಿವಲೀಲಾ ಏನೋ ಕೇಳಲು ಹೋಗಿ, ಬಿಟ್ಟು, ಆ ಗೆರೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗುರುತು ಹಾಕಿದಳು. "ಮುಂದಿನ ಸೋಮವಾರದ ತನಕ ಇಟ್ಕೊಂಡಿರ್ತೀನಿ," ಎಂದಳು.

ಮಡಕಶಿರ ದೂರ. ಕಲ್ಯಾಣದುರ್ಗದಲ್ಲಿ ಇಳಿದು ಬಸ್ಸು ಬದಲಾಯಿಸಿ, ಅಲ್ಲಿಂದ ಮತ್ತೆ ಹತ್ತಿ ಇಳಿದು, ಮುಂದಿನ ಭಾನುವಾರ ಅವನು ತಲುಪಿದಾಗ ಹೊತ್ತು ನೆತ್ತಿಯಿಂದ ವಾಲಿತ್ತು. ಊರಿಗೆ ಊರೇ ಗುಡ್ಡದ ಬುಡದಲ್ಲಿತ್ತು. ಸುತ್ತಲೂ ಗುಡ್ಡಗಳು, ಒಂದೊಂದರ ಬುಡಕ್ಕೂ ಒಂದೊಂದು ಹಳ್ಳಿ. ಅವನು ಎರಡು ಹಳ್ಳಿಗಳಿಗೆ ನಡೆದು ಹೋಗಿ ಕೇಳಿ ಬಂದ. ಒಂದು ಕಡೆ ಹದಿನೆಂಟರ ಹುಡುಗಿಯೊಬ್ಬಳು ಈರಕ್ಕ ಎಂದು ಹೊರಗೆ ಬಂದಳು. ಇನ್ನೊಂದು ಕಡೆ ಹಲ್ಲಿಲ್ಲದ ಮುದುಕಿ. ನಾಲ್ಕು ಗಂಟೆಗೆ ಬಸ್‌ಸ್ಟ್ಯಾಂಡಿಗೆ ಮರಳಿ, ಚಹಾದಂಗಡಿಯ ಬೆಂಚಿನ ತುದಿಗೆ ಕೂತ.

ಅಂಗಡಿಯ ದೊಡ್ಡರಂಗಪ್ಪ ಇವನ ನೀಲಿ ಉಗುರುಗಳನ್ನೂ ಧೂಳಿನ ಕಾಲುಗಳನ್ನೂ ನೋಡಿ, "ಯಾರ್ ಬೇಕಾಗಿತ್ತು ಯಜಮಾನ್ರೆ?" ಎಂದು ಕೇಳಿದ.

"ನನ್ನ ತಂಗಿ ಹುಡುಕಾಕ ಬಂದೀನ್ರಿ. ಈರಕ್ಕ ಅಂತ. ಕೆರಿ ಕೆಲಸಕ್ಕ ಬಂದವರ ಮಗಳು."

"ಅಯ್ಯೋ, ಈರಕ್ಕ ಅಂದ್ರೆ ಊರಿಗತ್ತು ಜನ ಅವ್ರೆ ಕಣಪ್ಪ," ಎಂದು ದೊಡ್ಡರಂಗಪ್ಪ ನಕ್ಕ. ಇವನು ನಗದಿದ್ದುದನ್ನು ನೋಡಿ ನಗುವನ್ನು ನಿಲ್ಲಿಸಿದ. "ಯಾವಾಗ ನೋಡಿದ್ದು ನೀನು ಕೊನೇಗೆ?"

"ನೋಡಿಲ್ರಿ."

ದೊಡ್ಡರಂಗಪ್ಪ ಚಹಾ ಸೋಸಿ ಅವನ ಮುಂದಿಟ್ಟ. "ಕೂಲಿ ಜನ ಅಂತೀಯ. ಈಗ ಅಂಥೋರು ಯಾರವ್ರೆ ಊರಾಗೆ? ಹೆಂಗಸ್ರೆಲ್ಲ ಬೆಂಗ್ಳೂರಾಗೆ ಗಾರ್ಮೆಂಟ್ಸು. ಶನಿವಾರ ರಾತ್ರಿ ಬತ್ತಾರೆ, ಭಾನುವಾರ ಸಂಜೆ ಹೊಂಟೋಯ್ತಾರೆ. ಇನ್ನರ್ಧ ಗಂಟೇಗೆ ಬೆಂಗ್ಳೂರು ಬಸ್ಸೈತೆ. ನಿಂತ್ಕಂಡು ನೋಡು. ಸುತ್ತಲ ಹಳ್ಳಿ ಹೆಂಗಸ್ರೆಲ್ಲ ಇಲ್ಲಿಗೇ ಬರಾದು."

ಅವರು ಬಂದರು. ಆಟೋಗಳಲ್ಲಿ, ನಡೆದುಕೊಂಡು, ಯಾರದೋ ಬೈಕಿನ ಹಿಂದೆ ಕೂತು. ತಲೆಗೆ ಹೂ, ಕೈಯಲ್ಲಿ ರಾಗಿಹಿಟ್ಟಿನ ಚೀಲ, ಕೆಲವರ ಕೊರಳಲ್ಲಿ ಇನ್ನೂ ತೆಗೆಯದ ಕಾರ್ಖಾನೆಯ ಕಾರ್ಡು. ಬಸ್ಸು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲು, ಚೀಲ ತೂರಿಸಿ ಜಾಗ ಹಿಡಿದರು. ಯರ್ರಪ್ಪ ಬಾಗಿಲ ಬಳಿ ನಿಂತು ಹತ್ತುವ ಒಬ್ಬೊಬ್ಬರ ಮುಖವನ್ನೂ ನೋಡಿದ. ಏನನ್ನು ಹುಡುಕಬೇಕು ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಅವ್ವನ ಮುಖ ನೆನಪಿರಲಿಲ್ಲ. ತನ್ನ ಮುಖವನ್ನು ಕ್ಷೌರದಂಗಡಿಯ ಕನ್ನಡಿಯಲ್ಲಷ್ಟೇ ನೋಡಿದ್ದ. ಧೈರ್ಯ ಮಾಡಿ ಒಬ್ಬಳನ್ನು, "ನಿನ್ನ ಹೆಸರು ಏನವ್ವ?" ಎಂದು ಕೇಳಿದ. ಅವಳು, "ಯಾಕೆ?" ಎಂದು ಹುಬ್ಬು ಗಂಟಿಕ್ಕಿ ಸರಸರನೆ ಹತ್ತಿಹೋದಳು. ಮತ್ತೆ ಯಾರನ್ನೂ ಕೇಳಲಿಲ್ಲ.

ಕೊನೆಗೆ ಒಬ್ಬಳು ಓಡೋಡಿ ಬಂದಳು. ನಲವತ್ತರ ಆಸುಪಾಸು, ಕಪ್ಪು ಮೈ, ಅಗಲ ಹಣೆ. ತಲೆಯ ಮೇಲೆ ಒಂದು ಮೂಟೆ, ಕೈಯಲ್ಲಿ ಇನ್ನೊಂದು. "ಅಣ್ಣ, ವಸಿ ಹಿಡ್ಕಳಣ್ಣ," ಎಂದು ತಲೆಯ ಮೂಟೆಯನ್ನು ಅವನ ತೋಳಿಗೆ ಇಳಿಸಿ, ಜನರ ನಡುವೆ ನುಗ್ಗಿ ಒಳಗೆ ಹೋಗಿ, ಕಿಟಕಿಯಿಂದ ಎರಡೂ ಕೈ ಚಾಚಿದಳು. ಅವನು ಮೂಟೆಯನ್ನು ಎತ್ತಿ ಕಿಟಕಿಯೊಳಗೆ ತೂರಿಸಿದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಅವಳು ಒಳಗಿಂದ ಎಳೆದಳು, ಅವನು ಹೊರಗಿಂದ ತಳ್ಳಿದ. ಅದು ಒಳಗೆ ಬಿದ್ದಾಗ ಇಬ್ಬರೂ ಏದುಸಿರು ಬಿಡುತ್ತಿದ್ದರು.

"ನೀನೂ ಬೆಂಗ್ಳೂರಿಗಾ?" ಎಂದು ಕೇಳಿದಳು ಅವಳು.

"ಇಲ್ಲವ್ವ. ರಾಯದುರ್ಗ."

"ಯಾರನ್ನಾರ ಬಸ್ಸತ್ಸಕ್ಕೆ ಬಂದಿದ್ದಾ?"

ಅವನು ಹೌದೆಂದೂ ಇಲ್ಲವೆಂದೂ ಹೇಳದೆ ತಲೆಯಾಡಿಸಿದ. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ಅವಳು ಏನೋ ಒಂದು ಹೇಳುತ್ತಾಳೆ. ಅವನು ಕೇಳಲಿಲ್ಲ.

ಕಂಡಕ್ಟರ್ ಸೀಟಿ ಊದಿದ. ಅವಳು ಕೈಚೀಲದೊಳಗೆ ಕೈ ಹಾಕಿ, "ತಗಳಣ್ಣ, ಕಡ್ಲೆಕಾಯಿ. ಈಗ್ತಾನೆ ಬೇಯಿಸ್ಕಂಡು ಬಂದೆ," ಎಂದು ಒಂದು ಬೊಗಸೆ ಎತ್ತಿ ಕಿಟಕಿಯಿಂದ ಹೊರಗೆ ನೀಡಿದಳು. ಅವನು ಎರಡೂ ಕೈ ಜೋಡಿಸಿ ಒಡ್ಡಿದ. ಬಸ್ಸು ಹೊರಳಿ, ಧೂಳೆಬ್ಬಿಸಿ, ಹಿಂದೂಪುರದ ರಸ್ತೆ ಹಿಡಿಯಿತು.

ಆ ಧೂಳು ಇನ್ನೂ ಕೆಳಗಿಳಿದಿರಲಿಲ್ಲ. ಕಲ್ಯಾಣದುರ್ಗದ ಕೊನೆಯ ಬಸ್ಸು ಬಂದು ನಿಂತು, ಎಂಜಿನ್ ಆರಿಸದೆ ಹಾರ್ನ್ ಹೊಡೆಯತೊಡಗಿತು. "ಹತ್ತಯ್ಯ, ಹೊತ್ತಾತು!" ಎಂದು ಯಾರೋ ಕೂಗಿದರು. ಯರ್ರಪ್ಪ ಮೆಟ್ಟಿಲ ಮುಂದೆ ಬಂದು ನಿಂತ. ಬೊಗಸೆಯಲ್ಲಿ ಕಾಯಿಗಳು ಇನ್ನೂ ಬೆಚ್ಚಗಿದ್ದವು, ಉಪ್ಪುನೀರು ಬೆರಳ ಸಂದಿನಿಂದ ಇಳಿಯುತ್ತಿತ್ತು. ಕಂಬಿ ಹಿಡಿದು ಹತ್ತಲು ಒಂದು ಕೈಯೂ ಖಾಲಿ ಇರಲಿಲ್ಲ.